ಪುಟ್ಟ ಮಕ್ಕಳ ತರಗತಿಯಲ್ಲಿ ಪ್ರಶಿಕ್ಷಣಾರ್ಥಿಯ ಪಾಠ ನೋಡುವುದು ಹೇಗೆ: ಮಾರ್ಗದರ್ಶಕರಿಗೊಂದು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಒಬ್ಬ ಪ್ರಶಿಕ್ಷಣಾರ್ಥಿಯ ಪಾಠಕ್ಕೆ ನಾನು 25ಕ್ಕೆ 23 ಅಂಕ ಕೊಟ್ಟಿದ್ದೆ. ಒಂದನೇ ತರಗತಿ, ತರಕಾರಿಗಳ ಪಾಠ. ಥರ್ಮೋಕೋಲಿನ ಬದನೆಕಾಯಿ, ಬಣ್ಣದ ಚಾರ್ಟು, ಅಭಿನಯ ಗೀತೆ, ಗಟ್ಟಿ ದನಿ, ಎಲ್ಲವೂ ಇತ್ತು. ಪಾಠ ಮುಗಿದ ಮೇಲೆ ಬಾಗಿಲ ಹತ್ತಿರ ಕೂತಿದ್ದ ಹುಡುಗಿಯೊಬ್ಬಳನ್ನು "ಏನು ಕಲಿತೆ ಪುಟ್ಟಿ?" ಅಂತ ಕೇಳಿದೆ. "ಅದನ್ನ ಮುಟ್ಟೋಕೆ ಕೊಡ್ಲೇ ಇಲ್ಲ" ಅಂದಳು. ನಲವತ್ತು ನಿಮಿಷ ಅವಳು ಕಾದಿದ್ದು ಆ ಬದನೆಕಾಯಿಯನ್ನು ಒಮ್ಮೆ ಕೈಯಲ್ಲಿ ಹಿಡಿಯುವುದಕ್ಕೆ. ಅದೇ ನಲವತ್ತು ನಿಮಿಷ ನಾನು ನೋಡಿದ್ದು ಪಾಠ ಮಾಡುವವಳನ್ನು ಮಾತ್ರ. ಆ ಮಗು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಅವತ್ತಿನಿಂದ ಪಾಠ ನೋಡುವ ರೀತಿಯನ್ನೇ ಬದಲಿಸಿಕೊಂಡೆ. ಈಗ ಮಕ್ಕಳನ್ನು ನೋಡುತ್ತೇನೆ. ಪಾಠ ಹೇಗಿದೆ ಅನ್ನುವುದು ಅವರ ಕೈ, ಕಣ್ಣು, ಕೂತ ಭಂಗಿಯಲ್ಲೇ ಗೊತ್ತಾಗುತ್ತದೆ. ಡಿ.ಎಲ್.ಇಡಿ. (ಪ್ರಾಥಮಿಕ ಶಾಲಾ ಶಿಕ್ಷಕರಾಗುವವರ ಡಿಪ್ಲೊಮಾ) ಅಥವಾ ಶಾಲಾಪೂರ್ವ ಶಿಕ್ಷಣದ ಡಿಪ್ಲೊಮಾ ಓದುತ್ತಾ ಇಂಟರ್ನ್‌ಶಿಪ್‌ಗೆ ಬಂದವರ ಪಾಠ ನೋಡಿ ಅಂಕ ಕೊಡಬೇಕಾದ ಉಪನ್ಯಾಸಕರು, ಡಯಟ್‌ನವರು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯವರು), ಶಾಲೆಯ ಮಾರ್ಗದರ್ಶಕ ಶಿಕ್ಷಕರು, ಇವರಿಗಾಗಿ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ದೊಡ್ಡ ತರಗತಿಗಳ ಅಳತೆಗೋಲು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನದ್ದನ್ನು ಒಂದೇ ಬುನಾದಿ ಹಂತ ಎಂದು ಗುರುತಿಸಿತು. 2022ರಲ್ಲಿ ಆ ಹಂತಕ್ಕಾಗಿಯೇ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂತು. ಅಂಗನವಾಡಿಯ ಮಗುವೂ ಎರಡನೇ ತರಗತಿಯ ಮಗುವೂ ಆಟ, ಮಾತು, ಕೈಕೆಲಸದ ಮೂಲಕವೇ ಕಲಿಯುತ್ತವೆ ಎಂಬುದು ಇದರ ತಿರುಳು. ಎಂಟನೇ ತರಗತಿಯ ಹುಡುಗನಾದರೆ "ಅರ್ಥ ಆಗಲಿಲ್ಲ ಸರ್" ಅಂತ ಬಾಯಿಬಿಟ್ಟು ಹೇಳುತ್ತಾನೆ. ನಾಲ್ಕು ವರ್ಷದ ಮಗು ಹೇಳುವುದಿಲ್ಲ. ಅದು ಪಕ್ಕದವನ ಪೆನ್ಸಿಲ್ ಕಿತ್ತುಕೊಳ್ಳುತ್ತದೆ, ಇಲ್ಲವೇ ಕಿಟಕಿಯ ಕಡೆ ನೋಡುತ್ತದೆ.

ಹೆಜ್ಜೆ 1: ಹೋಗುವ ಮೊದಲೇ ಮಾತಾಡಿ

ಪಾಠ ನೋಡುವ ಹಿಂದಿನ ದಿನ ಪ್ರಶಿಕ್ಷಣಾರ್ಥಿಗೆ ಒಂದು ಫೋನ್ ಮಾಡಿ. ಹತ್ತು ನಿಮಿಷ ಸಾಕು. ಮೂರೇ ಪ್ರಶ್ನೆ ಕೇಳಿ. ನಾಳೆ ಮಕ್ಕಳು ಏನು ಮಾಡುತ್ತಾರೆ? ಯಾವ ಮಗುವಿನ ಬಗ್ಗೆ ನಿಮಗೆ ಚಿಂತೆ ಇದೆ? ನಾನು ವಿಶೇಷವಾಗಿ ಏನನ್ನು ನೋಡಲಿ?

ಎರಡನೇ ಪ್ರಶ್ನೆಗೆ ಬರುವ ಉತ್ತರದಲ್ಲೇ ಅರ್ಧ ಮೌಲ್ಯಮಾಪನ ಆಗಿಬಿಡುತ್ತದೆ. ಮೂರು ವಾರ ತರಗತಿಯಲ್ಲಿದ್ದೂ ಒಂದು ಮಗುವಿನ ಹೆಸರು ಹೇಳಲು ಬರದಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ. "ಆ ಹುಡುಗ ಇನ್ನೂ ಯಾರ ಜೊತೆಯೂ ಊಟಕ್ಕೆ ಕೂರಲ್ಲ ಸರ್, ಅವನಜ್ಜಿ ತೀರಿಕೊಂಡಿದ್ದಾರಂತೆ" ಅಂದರೆ ಅದನ್ನೂ ಬರೆದುಕೊಳ್ಳಿ. ಅಂಥವರಿಗೆ ಚಾರ್ಟು ಬರೆಯಲು ಬರದಿದ್ದರೂ ನಾನು ಹೆದರುವುದಿಲ್ಲ.

ಹೇಳದೆ ಕೇಳದೆ ಹಠಾತ್ತಾಗಿ ಹೋಗುವ ಅಭ್ಯಾಸ ಕೆಲವರಿಗಿದೆ. ಕಲಿಯುತ್ತಿರುವವರ ಮೇಲೆ ದಾಳಿ ಮಾಡಿ ಸಿಗುವುದು ಭಯ ಮಾತ್ರ. ದಿನ ತಿಳಿಸಿಯೇ ಹೋಗಿ.

ಹೆಜ್ಜೆ 2: ಎಲ್ಲಿ ಕೂರಬೇಕು

ಪ್ರಾರ್ಥನೆಗೆ ಮೊದಲೇ ಶಾಲೆ ತಲುಪಿ. ಮಕ್ಕಳು ನಿಮ್ಮ ಮುಖ ನೋಡಿ ಅಭ್ಯಾಸ ಮಾಡಿಕೊಳ್ಳಲಿ. ಬಂದ ತಕ್ಷಣ ಹೆಡ್‌ಮಾಸ್ಟರ್ ಕುರ್ಚಿ ತರಿಸುತ್ತಾರೆ, ಟೀ ಬರುತ್ತದೆ, ಮಕ್ಕಳು ಎದ್ದು ನಿಂತು ನಮಸ್ತೆ ಹೇಳುತ್ತಾರೆ. ಇವೆಲ್ಲ ಆದಷ್ಟು ಬೇಡ ಅನ್ನಿ. ಕರಿಹಲಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ಮಕ್ಕಳು ನಿಮ್ಮನ್ನೇ ನೋಡುತ್ತಾರೆ.

ನೆಲದ ಮೇಲೆ, ಗೋಡೆಗೆ ಒರಗಿ, ಮಕ್ಕಳ ಮುಖ ಕಾಣುವ ಕಡೆ ಕೂತುಕೊಳ್ಳಿ. ಮಂಡಿನೋವಿದ್ದರೆ ಗಿಡ್ಡ ಸ್ಟೂಲು. ಆ ಎತ್ತರದಿಂದ ನೋಡಿದಾಗಲೇ ಚಾರ್ಟು ಎಷ್ಟು ಮೇಲಿದೆ, ಹಿಂದಿನ ಮಕ್ಕಳಿಗೆ ಏನೂ ಕಾಣುತ್ತಿಲ್ಲ ಅನ್ನುವುದು ಗೊತ್ತಾಗುತ್ತದೆ. ಫೋನ್ ಬ್ಯಾಗಿನಲ್ಲಿರಲಿ. ಮಕ್ಕಳ ವಿಡಿಯೋ ಸುಮ್ನೆ ಮಾಡಬೇಡಿ. ಬೇಕೇಬೇಕಾದರೆ ಪೋಷಕರ, ಶಾಲೆಯ ಒಪ್ಪಿಗೆ ಮೊದಲು.

ಹೆಜ್ಜೆ 3: ಕಂಡದ್ದನ್ನೇ ಬರೆಯಿರಿ

ಈ ಹೆಜ್ಜೆ ಗಟ್ಟಿಯಾದರೆ ಉಳಿದದ್ದೆಲ್ಲ ಸುಲಭ. ಅಂಕದ ಹಾಳೆಯನ್ನು ಮಡಚಿಡಿ. ಖಾಲಿ ಪುಸ್ತಕ ತೆಗೆಯಿರಿ. ಎಡಕ್ಕೆ ಸಮಯ, ಬಲಕ್ಕೆ ಏನು ನಡೆಯಿತು ಅಷ್ಟೇ. "ಚೆನ್ನಾಗಿ", "ಆಕರ್ಷಕವಾಗಿ", "ಉತ್ಸಾಹದಿಂದ" ಅನ್ನುವಂಥ ಪದ ಒಂದೂ ಬೇಡ. ಯಾರು ಏನು ಹೇಳಿದರು, ಯಾವ ಮಗು ಏನು ಮಾಡಿತು ಅಷ್ಟನ್ನೇ ಬರೆಯಿರಿ. ನನ್ನ ಪುಸ್ತಕದ ಒಂದು ತುಣುಕು ಹೀಗಿದೆ:

10:05 – ಪ್ರಶಿಕ್ಷಣಾರ್ಥಿ ಹುಣಸೆಬೀಜದ ಬಟ್ಟಲು ಇಟ್ಟಳು. ಆರು ಮಕ್ಕಳಿಗೆ ಒಂದೇ ಬಟ್ಟಲು.
10:07 – "ಐದೈದು ಬೀಜ ಎಣಿಸಿ ಇಟ್ಕೊಳ್ಳಿ" ಅಂದಳು. ಇಬ್ಬರು ಎಣಿಸಿದರು. ಮೂವರಿಗೆ ಬಟ್ಟಲು ಸಿಗಲಿಲ್ಲ. ಒಬ್ಬ ಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದಾನೆ.
10:08 – ಸಾಲು ಜೋಡಿಸುವವನ ಪಕ್ಕ ಕೂತಳು. "ಇದೇನು?" "ರೈಲು." "ರೈಲಿಗೆ ಎಷ್ಟು ಡಬ್ಬಿ?" ಮುಟ್ಟಿ ಮುಟ್ಟಿ ಎಣಿಸಿ "ಏಳು" ಅಂದ.
10:10 – "ಇವತ್ತು ಐದು ಡಬ್ಬಿ ರೈಲು ಬಿಡೋಣ್ವಾ?" ಎರಡು ಬೀಜ ತೆಗೆದ. ತಾನೇ ಮತ್ತೆ ಎಣಿಸಿದ.
10:11 – ಬಟ್ಟಲು ಸಿಗದ ಮೂವರಲ್ಲಿ ಒಬ್ಬಳು ಎದ್ದು ಬಾಗಿಲಿಗೆ ಹೋದಳು.

ಆರು ನಿಮಿಷ, ಐದು ಸಾಲು. ಇದರಲ್ಲಿ ಏನೇನಿದೆ ನೋಡಿ. ಹೇಳಿದ ಕೆಲಸ ಬಿಟ್ಟು ರೈಲು ಮಾಡುತ್ತಿದ್ದವನನ್ನು ಅವಳು ಗದರಲಿಲ್ಲ. ಅವನ ಆಟದೊಳಗೇ ಎಣಿಕೆಯನ್ನು ತಂದಳು, ಜೊತೆಗೆ ಕಳೆಯುವುದನ್ನೂ ತಂದಳು. ಇದು ಅಪ್ಪಟ ಶಿಕ್ಷಕಿಯ ಗುಣ. ಅದೇ ಹೊತ್ತಿನಲ್ಲಿ ಒಂದೇ ಬಟ್ಟಲು ಇಟ್ಟಿದ್ದರಿಂದ ಮೂವರಿಗೆ ಕೆಲಸವೇ ಸಿಗಲಿಲ್ಲ. ಎರಡೂ ನಿಜ. "ಪಾಠ ಉತ್ತಮವಾಗಿತ್ತು" ಅಂತ ಬರೆದಿದ್ದರೆ ಎರಡೂ ಕಳೆದುಹೋಗುತ್ತಿದ್ದವು.

ಎಷ್ಟು ಹೊತ್ತು ಹೀಗೆ ಬರೆಯಬೇಕು? ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 'ಕ್ಲಾಸ್' ಎಂಬ ಅವಲೋಕನ ಸಾಧನದಲ್ಲಿ 20 ನಿಮಿಷ ನೋಡಿ 10 ನಿಮಿಷ ಅಂಕ ಹಾಕುವ ಪದ್ಧತಿ ಇದೆ. ಒಂದೇ ದಿನ ಇಂಥ ಹಲವು ಸುತ್ತು ಮಾಡುತ್ತಾರೆ. ನಾನೂ ಆ 20–10ರ ಲೆಕ್ಕವನ್ನು ಎರವಲು ಪಡೆದಿದ್ದೇನೆ. ಇಪ್ಪತ್ತು ನಿಮಿಷ ದಾಟಿದರೆ ಕಣ್ಣು ದಣಿಯುತ್ತದೆ, ಬರೆದದ್ದು ಸಡಿಲವಾಗುತ್ತದೆ.

ಹೆಜ್ಜೆ 4: ಏನನ್ನು ನೋಡಬೇಕು

ಕಾಲೇಜಿನ ಹಾಳೆಯಲ್ಲಿ ಪೀಠಿಕೆ, ವಿಷಯ ಮಂಡನೆ, ಕರಿಹಲಗೆ ಬಳಕೆ, ಪಾಠೋಪಕರಣ, ಮುಕ್ತಾಯ ಅಂತ ಕಾಲಂಗಳಿರುತ್ತವೆ. ಅವನ್ನು ತುಂಬಲೇಬೇಕು, ತುಂಬಿ. ಆದರೆ ಪುಟ್ಟ ಮಕ್ಕಳ ತರಗತಿಯ ಜೀವ ಆ ಕಾಲಂಗಳ ಆಚೆ ಇದೆ.

ಮೊದಲನೆಯದು, ಕಾಯುವಿಕೆ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿರುತ್ತಾರೆ? ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ಅಧ್ಯಯನ ಮಾಡಿದಾಗ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಹೆಚ್ಚು ಮಕ್ಕಳು ಬಾಯಿಬಿಟ್ಟರು. ನಮ್ಮ ತರಗತಿಗಳಲ್ಲೂ ಇದನ್ನು ಅಳೆಯಬಹುದು. ಪ್ರಶ್ನೆ ಮುಗಿದ ಕೂಡಲೇ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ. ಮೂರಕ್ಕೆ ಮುಂಚೆ ಅವರೇ ಉತ್ತರ ಹೇಳಿಬಿಟ್ಟರೆ ಗೆರೆ ಎಳೆಯಿರಿ. ಪಾಠದ ಕೊನೆಯಲ್ಲಿ ಹನ್ನೆರಡು ಗೆರೆ ಇದ್ದರೆ ಅದನ್ನು ಹಾಗೇ ತೋರಿಸಿ. ಬೇರೆ ವಿವರಣೆ ಬೇಡ.

ಇದರ ಜೊತೆಗೇ "ಗೊತ್ತಾಯ್ತಾ ಮಕ್ಕಳೇ?", "ಗೊತ್ತಾಯ್ತು ಟೀಚರ್!" ಅನ್ನುವ ಕೂಗನ್ನೂ ಎಣಿಸಿ. ಆ ಕೋರಸ್ ಕೇಳಿ ಎಷ್ಟೋ ಮೌಲ್ಯಮಾಪಕರು ತಲೆದೂಗುತ್ತಾರೆ. ಕೂಗಿದ ಮಗುವಿಗೆ ಏನು ಗೊತ್ತಾಗಿದೆ ಅಂತ ಆ ಕೂಗಿನಿಂದ ಯಾರಿಗೂ ತಿಳಿಯುವುದಿಲ್ಲ.

ಎರಡನೆಯದು, ಮನೆಮಾತು. ನನ್ನ ದೃಷ್ಟಿಯಲ್ಲಿ ಇದಕ್ಕೇ ಅತಿ ಹೆಚ್ಚು ತೂಕ. ಕರ್ನಾಟಕದ ಕನ್ನಡ ಶಾಲೆಗೆ ಬರುವ ಮಗು ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಉರ್ದು, ಲಂಬಾಣಿ, ತೆಲುಗು, ಮರಾಠಿ, ಕೊಡವ ಏನು ಬೇಕಾದರೂ ಮಾತಾಡುತ್ತಿರಬಹುದು. ಮಂಗಳೂರು ಕಡೆಯ ಮಗು ಬೆಕ್ಕಿನ ಚಿತ್ರ ನೋಡಿ "ಪುಚ್ಚೆ" ಅನ್ನುತ್ತದೆ. ಒಬ್ಬರು "ತಪ್ಪು, ಬೆಕ್ಕು ಅನ್ನು" ಅನ್ನುತ್ತಾರೆ. ಇನ್ನೊಬ್ಬರು "ಹೌದು, ಪುಚ್ಚೆ! ನಮ್ಮ ಪುಸ್ತಕದಲ್ಲಿ ಇದನ್ನ ಬೆಕ್ಕು ಅಂತಾರೆ. ನಿಮ್ಮನೇಲಿ ಪುಚ್ಚೆ ಇದ್ಯಾ?" ಅನ್ನುತ್ತಾರೆ. ಮೊದಲನೆಯವರ ಮಗು ಒಂದು ಪದ ಕಲಿತು ಬಾಯಿ ಮುಚ್ಚುತ್ತದೆ. ಎರಡನೆಯವರ ಮಗು ಮನೆಯ ಬೆಕ್ಕಿನ ಕಥೆ ಶುರು ಮಾಡುತ್ತದೆ. ಎರಡರ ನಡುವೆ ಐದು ಸೆಕೆಂಡಿನ ವ್ಯತ್ಯಾಸ. ಅದು ನಿಮ್ಮ ಪುಸ್ತಕದಲ್ಲಿ ದಾಖಲಾಗಬೇಕು.

ಕನ್ನಡವೇ ಮನೆಮಾತಾದರೂ ಹೀಗೇ. ಮಂಡ್ಯ, ಮೈಸೂರು ಕಡೆಯ ಮಗು "ಹಾಲು" ಅನ್ನುವುದನ್ನು "ಆಲು" ಅಂದರೆ ಇಡೀ ತರಗತಿಯ ಮುಂದೆ ಹತ್ತು ಸಲ ಹೇಳಿಸುವವರಿದ್ದಾರೆ. ಓದುವಾಗ ನಿಧಾನಕ್ಕೆ ತಿದ್ದಬಹುದು. ಮಗು ಖುಷಿಯಿಂದ ಕಥೆ ಹೇಳುವಾಗ ತಡೆದು ತಿದ್ದಿದರೆ ನಾನು ಅಂಕ ಕಳೆಯುತ್ತೇನೆ.

ಮೂರನೆಯದು, ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ದಾಟುವ ಹೊತ್ತು. ನಲಿ-ಕಲಿ ತರಗತಿಯಲ್ಲಿ ಇದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದ ಶಿಕ್ಷಕರಿಂದ ಶುರುವಾದ ಪದ್ಧತಿ ಇದು. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿರುತ್ತಾರೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ, ಅಂದರೆ ಕಲಿಕೆಯ ಹಂತಗಳನ್ನು ಸಾಲಾಗಿ ತೋರಿಸುವ ಪಟದಲ್ಲಿ, ತನ್ನ ಮೆಟ್ಟಿಲು ನೋಡಿ, ಚಟುವಟಿಕೆಯ ಕಾರ್ಡು ತೆಗೆದು, ತನ್ನ ತಟ್ಟೆಗೆ (ಇಲ್ಲಿ ಗುಂಪಿಗೆ ತಟ್ಟೆ ಅನ್ನುತ್ತಾರೆ) ಹೋಗಿ ಕೂರುತ್ತದೆ. ಪ್ರಶಿಕ್ಷಣಾರ್ಥಿ ಶಿಕ್ಷಕರ ಬೆಂಬಲದ ತಟ್ಟೆಯಲ್ಲಿ ಕೂತಾಗ ಸ್ವಕಲಿಕೆಯ ತಟ್ಟೆಯವರು ಏನು ಮಾಡುತ್ತಿದ್ದಾರೆ? ಅಲ್ಲಿಗೆ ಕಣ್ಣು ಹಾಯಿಸಿ. ಅವರು ತಾವಾಗಿಯೇ ಕಾರ್ಡು ಮುಗಿಸಿ ಏಣಿಯ ಹತ್ತಿರ ಓಡುತ್ತಿದ್ದರೆ, ಹಿಂದಿನ ವಾರಗಳಲ್ಲಿ ಆ ಪ್ರಶಿಕ್ಷಣಾರ್ಥಿ ಮಾಡಿದ ಕೆಲಸ ಕಾಣುತ್ತಿದೆ ಎಂದೇ ಅರ್ಥ.

ಇಲ್ಲೊಂದು ಎಚ್ಚರಿಕೆ. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಕ್ರಮದಲ್ಲಿ. ಅ, ಆ, ಇ, ಈ ಕ್ರಮ ಅಲ್ಲಿಲ್ಲ. ಕಲಿತ ನಾಲ್ಕೈದು ಅಕ್ಷರದಲ್ಲೇ ಮಗು ಸರ, ದರ, ಅಗಸ ಅಂತ ಓದಲಿ ಎಂಬುದು ಇದರ ಹಿಂದಿನ ಯೋಚನೆ. ಇದು ಗೊತ್ತಿಲ್ಲದ ಒಬ್ಬ ಮೌಲ್ಯಮಾಪಕರು "ವರ್ಣಮಾಲೆಯನ್ನೇ ತಪ್ಪು ಕ್ರಮದಲ್ಲಿ ಕಲಿಸಿದ್ದಾರೆ" ಅಂತ ಷರಾ ಬರೆದಿದ್ದನ್ನು ನಾನೇ ನೋಡಿದ್ದೇನೆ. ಪಾಠ ಮಾಡಿದ್ದ ಪ್ರಶಿಕ್ಷಣಾರ್ಥಿ ಅತ್ತಿದ್ದಳು. ಯಾವ ಪದ್ಧತಿಯ ತರಗತಿಗೆ ಹೋಗುತ್ತೀರೋ ಅದನ್ನು ತಿಳಿದುಕೊಂಡೇ ಹೋಗಿ.

ನಾಲ್ಕನೆಯದು, ಮಗುವಿನ ವಯಸ್ಸಿನ ಅರಿವು. ಐದು ಬೀಜ ಹತ್ತಿರ ಹತ್ತಿರ ಇಟ್ಟು, ಅವನ್ನೇ ಆಮೇಲೆ ದೂರ ದೂರ ಹರಡಿ "ಈಗ ಜಾಸ್ತಿ ಆಯ್ತಾ?" ಅಂದರೆ ಐದು ವರ್ಷದ ಎಷ್ಟೋ ಮಕ್ಕಳು "ಹೂಂ, ಜಾಸ್ತಿ" ಅನ್ನುತ್ತವೆ. ಮಕ್ಕಳ ಯೋಚನೆ ಬೆಳೆಯುವ ರೀತಿಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಇದನ್ನು ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಆ ಉತ್ತರಕ್ಕೆ "ಅಷ್ಟೂ ಗೊತ್ತಾಗಲ್ವಾ?" ಅನ್ನುವವರು ಮಕ್ಕಳ ಬೆಳವಣಿಗೆಯ ಪಾಠವನ್ನು ಪರೀಕ್ಷೆಗೆ ಓದಿದ್ದಾರೆ ಅಷ್ಟೇ. "ಎಣಿಸಿ ನೋಡೋಣ ಬಾ" ಅನ್ನುವವರು ಅದನ್ನು ತರಗತಿಗೆ ತಂದಿದ್ದಾರೆ.

ಇನ್ನುಳಿದದ್ದು ಬೇಗ ನೋಡಿ ಮುಗಿಸಬಹುದು. ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗುತ್ತಾರಾ, ಶೌಚಕ್ಕೆ ಹೋಗಬೇಕು ಅಂದ ಮಗುವನ್ನು ತಕ್ಷಣ ಕಳಿಸುತ್ತಾರಾ, ಬಾಯಿಗೆ ಹಾಕಿಕೊಳ್ಳುವಂಥ ಸಣ್ಣ ವಸ್ತುಗಳನ್ನು ಮೂರು ವರ್ಷದವರ ಕೈಗೆ ಕೊಟ್ಟಿದ್ದಾರಾ, ಕೊಟ್ಟ ಪಾಠೋಪಕರಣ ಕೊನೆಗೆ ಮಕ್ಕಳ ಕೈ ಸೇರಿತಾ.

ಹೆಜ್ಜೆ 5: ಒಂದೇ ಸಲ ನೋಡಿ ತೀರ್ಪು ಕೊಡಬೇಡಿ

ಕಡಿಮೆ ಅಂದರೂ ಮೂರು ಸಲ ಹೋಗಿ. ಬೇರೆ ಬೇರೆ ಹೊತ್ತಿಗೆ ಹೋಗಿ. ಒಂದು ಭಾಷೆ, ಒಂದು ಗಣಿತ. ಮೂರನೆಯದು ಕಥೆಯ ಹೊತ್ತು ಅಥವಾ ಮುಕ್ತ ಆಟ. ಆಟದ ಹೊತ್ತನ್ನು ನೋಡುವವರು ಬಹಳ ಕಡಿಮೆ. ಮರಳಿನಲ್ಲಿ ಆಡುವ ಮಕ್ಕಳ ಪಕ್ಕ ನಿಂತು ಫೋನ್ ನೋಡುವವರು ಯಾರು, ಪಕ್ಕ ಕೂತು "ಈ ಸೇತುವೆ ಮೇಲೆ ಬಸ್ಸು ಹೋಗುತ್ತಾ?" ಅಂತ ಕೇಳುವವರು ಯಾರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಸಾಧ್ಯವಾದರೆ ಬಿಸಿಯೂಟಕ್ಕೂ ನಿಲ್ಲಿ. ಊಟದ ಸಾಲಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ಅದನ್ನು ಪ್ರಶಿಕ್ಷಣಾರ್ಥಿ ಗಮನಿಸುತ್ತಾರಾ ಅನ್ನುವುದು ಪಾಠ ಯೋಜನೆಯಲ್ಲಿ ಸಿಗುವುದಿಲ್ಲ.

ಹೆಜ್ಜೆ 6: ಅಂಕ ಹಾಕುವುದು

ಈಗ ಮಡಚಿಟ್ಟ ಹಾಳೆ ತೆಗೆಯಿರಿ. ಪ್ರತಿ ಅಂಕದ ಪಕ್ಕ ನಿಮ್ಮ ಟಿಪ್ಪಣಿಯ ಒಂದು ಸಮಯ ಬರೆಯಿರಿ. 'ಪ್ರಶ್ನೆ ಕೇಳುವ ಕೌಶಲ: 3 – 10:08 ನೋಡಿ' ಹೀಗೆ. ಸಮಯ ಬರೆಯಲು ಆಗದಿದ್ದರೆ ಆ ಅಂಕಕ್ಕೆ ಆಧಾರ ಇಲ್ಲ ಅಂತಲೇ ಅರ್ಥ.

ಒಂದೊಂದು ಅಂಕಕ್ಕೂ ಏನು ಕಾಣಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಮಗುವಿನ ಉತ್ತರಕ್ಕೆ ಸ್ಪಂದಿಸುವುದನ್ನೇ ತೆಗೆದುಕೊಂಡರೆ ನಾನು ಬಳಸುವುದು ಹೀಗೆ. ಸರಿ ಉತ್ತರಕ್ಕೆ ಮಾತ್ರ ತಲೆಯಾಡಿಸಿ ಮುಂದೆ ಹೋದರೆ 1. ತಪ್ಪು ಉತ್ತರ ಕೇಳಿಸಿಕೊಂಡರೂ ತಾವೇ ಸರಿ ಉತ್ತರ ಹೇಳಿಬಿಟ್ಟರೆ 2. "ಹೇಗೆ ಗೊತ್ತಾಯ್ತು?" ಅಂತ ಕೇಳಿ ಮಗುವಿಗೆ ಮಾತಾಡಲು ಬಿಟ್ಟರೆ 3. ಮಗು ಹೇಳಿದ್ದನ್ನೇ ಹಿಡಿದು ಮುಂದಿನ ಕೆಲಸವನ್ನು ಬದಲಿಸಿದರೆ 4. ಆ ರೈಲಿನ ಹುಡುಗನ ಜೊತೆ ನಡೆದದ್ದು 4.

1920ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಸೇನಾಧಿಕಾರಿಗಳಿಗೆ ಮೇಲಧಿಕಾರಿಗಳು ಕೊಟ್ಟ ಅಂಕಗಳನ್ನು ನೋಡಿದರು. ಒಂದು ಗುಣದಲ್ಲಿ ಚೆನ್ನಾಗಿ ಕಂಡವರಿಗೆ ಸಂಬಂಧವೇ ಇಲ್ಲದ ಬೇರೆ ಗುಣಗಳಲ್ಲೂ ಜಾಸ್ತಿ ಅಂಕ ಬಿದ್ದಿತ್ತು. ಇದಕ್ಕೆ ಪ್ರಭಾವಳಿ ಪರಿಣಾಮ ಅನ್ನುತ್ತಾರೆ. ನಮ್ಮಲ್ಲಿ ಆ ಪ್ರಭಾವಳಿ ಹುಟ್ಟುವುದು ಸ್ಕೆಚ್ ಪೆನ್ನಿನಲ್ಲಿ ಅಂಚು ಬಿಡಿಸಿದ ಪಾಠ ಯೋಜನೆ ಪುಸ್ತಕದಿಂದ, ಮುದ್ದಾದ ಅಕ್ಷರದಿಂದ, ಇಸ್ತ್ರಿ ಮಾಡಿದ ಸೀರೆಯಿಂದ. ದುಡ್ಡಿದ್ದವರು ಚಾರ್ಟನ್ನು ಅಂಗಡಿಯಲ್ಲಿ ಮಾಡಿಸಿ ತರುತ್ತಾರೆ. ಹಾಗಾಗಿ ನಾನು ಪಾಠ ಯೋಜನೆ ಪುಸ್ತಕವನ್ನು ಪಾಠ ನೋಡಿ ಅಂಕ ಹಾಕಿದ ಮೇಲೆಯೇ ತೆರೆಯುತ್ತೇನೆ.

ವರ್ಷಕ್ಕೊಮ್ಮೆಯಾದರೂ ಇಬ್ಬರು ಮೌಲ್ಯಮಾಪಕರು ಒಟ್ಟಿಗೆ ಒಂದೇ ಪಾಠ ನೋಡಿ, ಬೇರೆ ಬೇರೆ ಅಂಕ ಹಾಕಿ, ಆಮೇಲೆ ಹೋಲಿಸಿ. ವ್ಯತ್ಯಾಸ ಬಂದಲ್ಲಿ ಟಿಪ್ಪಣಿ ತೆಗೆದು ಮಾತಾಡಿ. ದಿನಾ ಜೊತೆಗಿರುವ ತರಗತಿ ಶಿಕ್ಷಕಿಯನ್ನೂ ಕೇಳಿ. "ನಾನು ಇಲ್ಲದ ದಿನ ಹೇಗಿರುತ್ತಾರೆ?" ಅನ್ನುವ ಪ್ರಶ್ನೆಗೆ ಅವರೊಬ್ಬರೇ ಉತ್ತರ ಹೇಳಬಲ್ಲರು.

ಹೆಜ್ಜೆ 7: ಮಾತಾಡುವ ಹೊತ್ತು

ಅವತ್ತೇ ಮಾತಾಡಿ. ಮಕ್ಕಳ ಮುಂದೆ ಬೇಡ, ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರೂ ಬೇಡ. ಮರದ ಕೆಳಗೆ ಪಕ್ಕಪಕ್ಕ ಕೂತು, ಪುಸ್ತಕ ಇಬ್ಬರಿಗೂ ಕಾಣುವ ಹಾಗೆ ಇಟ್ಟುಕೊಳ್ಳಿ. ಮೊದಲ ಮಾತು ಅವರದ್ದಾಗಲಿ.

"ಇವತ್ತು ಯಾವ ಮಗು ನೆನಪಾಗುತ್ತೆ?"
"ರೈಲು ಮಾಡಿದವನು ಸರ್."
"ಅಲ್ಲಿ ನೀವು ಮಾಡಿದ್ದು ನನಗೆ ತುಂಬಾ ಇಷ್ಟವಾಯ್ತು. ಈ ಸಾಲು ಓದಿ." 10:11ರ ಸಾಲು ತೋರಿಸಿದೆ.
ಓದಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇವಳು ಎದ್ದು ಹೋಗಿದ್ದು ನಾನು ನೋಡ್ಲೇ ಇಲ್ಲ."
"ಯಾಕೆ ಹೋಗಿರಬಹುದು?"
"ಬಟ್ಟಲು ಸಿಗಲಿಲ್ಲ ಅಂತ ಕಾಣುತ್ತೆ... ಮೂರು ಬಟ್ಟಲು ಮಾಡಬೇಕಿತ್ತು."

ಅಷ್ಟೇ. ನಾನು ಏನನ್ನೂ ಹೇಳಬೇಕಾಗಲಿಲ್ಲ. ಒಂದು ಸಲಕ್ಕೆ ಒಂದೇ ತಿದ್ದುಪಡಿ ಸಾಕು. ಹದಿನಾಲ್ಕು ಸಲಹೆ ಕೊಟ್ಟರೆ ಮನೆಗೆ ಹೋಗುವಷ್ಟರಲ್ಲಿ ನೆನಪಿರುವುದು ನಿಮ್ಮ ಸಿಟ್ಟು ಮಾತ್ರ. ಮುಂದಿನ ಸಲ ಹೋದಾಗ ಆ ಒಂದನ್ನೇ ಮೊದಲು ನೋಡಿ.

ಹೆಜ್ಜೆ 8: ಪಾಠ ಕುಂಟುತ್ತಿದ್ದರೆ

ಕೊನೆಯ ವಾರದವರೆಗೆ ಸುಮ್ಮನಿದ್ದು ಆಮೇಲೆ ಕಡಿಮೆ ಅಂಕ ಕೊಡುವುದು ಅನ್ಯಾಯ. ಇಂಟರ್ನ್‌ಶಿಪ್ ಮೂರನೇ ಒಂದು ಭಾಗ ಮುಗಿಯುವಷ್ಟರಲ್ಲಿ ಬರಹದಲ್ಲಿ ತಿಳಿಸಿ. ಏನು ಬದಲಾಗಬೇಕು, ಎಂದು ಮತ್ತೆ ನೋಡುತ್ತೀರಿ, ಅಲ್ಲಿಯವರೆಗೆ ಯಾರು ಸಹಾಯ ಮಾಡುತ್ತಾರೆ, ಮೂರನ್ನೂ ಬರೆಯಿರಿ. ಬಹಳ ಸಲ ಕಾರಣ ಸಣ್ಣದಿರುತ್ತದೆ. ಹಾಡಲು ನಾಚಿಕೆ, ಮೂವತ್ತು ಮಕ್ಕಳ ಗಲಾಟೆಯ ಹೆದರಿಕೆ, ಎರಡು ಬಸ್ಸು ಬದಲಿಸಿ ಬರುವ ಸುಸ್ತು. ತರಗತಿ ಶಿಕ್ಷಕಿಯ ಜೊತೆ ಒಂದು ವಾರ ಆರೇ ಮಕ್ಕಳ ಗುಂಪಿಗೆ ಕೆಲಸ ಕೊಟ್ಟು ನೋಡಿ. ಎಷ್ಟೋ ಜನ ಅಲ್ಲೇ ಚೇತರಿಸಿಕೊಳ್ಳುತ್ತಾರೆ.

ಆದರೆ ಒಂದು ವಿಷಯದಲ್ಲಿ ರಿಯಾಯಿತಿ ಇಲ್ಲ. ಮಗುವಿಗೆ ಹೊಡೆಯುವುದು, ಚಿವುಟುವುದು, ಎಲ್ಲರೆದುರು ಅವಮಾನ ಮಾಡುವುದು, ಜಾತಿ ಅಥವಾ ಮೈಬಣ್ಣ ಎತ್ತಿ ಆಡುವುದು. ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ನಿಷೇಧಿಸಿದೆ. ಕಂಡರೆ ಟಿಪ್ಪಣಿ ಬರೆಯುತ್ತಾ ಕೂರಬೇಡಿ. ಎದ್ದು ಮಗುವಿನ ಹತ್ತಿರ ಹೋಗಿ. ಅವತ್ತೇ ಮುಖ್ಯಶಿಕ್ಷಕರಿಗೂ ಕಾಲೇಜಿಗೂ ತಿಳಿಸಿ.

ಹೆಜ್ಜೆ 9: ಕೊನೆಯ ವರದಿ

ಒಂದು ಪುಟ ಸಾಕು. ಮೊದಲ ಭೇಟಿಯಲ್ಲಿ ಏನು ಕಂಡಿತು, ಕೊನೆಯದರಲ್ಲಿ ಏನು ಕಂಡಿತು, ನಡುವೆ ಏನು ಬದಲಾಯಿತು, ಇಷ್ಟು ಬರೆಯಿರಿ. ಮಕ್ಕಳ ಹೆಸರು ಹಾಕಬೇಡಿ. 'ಒಂದನೇ ತರಗತಿಯ ಒಬ್ಬ ಹುಡುಗ' ಅಂದರೆ ಸಾಕು. ವರದಿ ಕಾಲೇಜಿಗೆ ಹೋಗುವ ಮೊದಲು ಪ್ರಶಿಕ್ಷಣಾರ್ಥಿಗೆ ಓದಲು ಕೊಡಿ. ಒಪ್ಪದ ಮಾತಿದ್ದರೆ ಕೆಳಗೆ ತಮ್ಮ ಸಾಲನ್ನೂ ಬರೆದು ಸಹಿ ಹಾಕಲಿ.

ನಿಮ್ಮ ಟಿಪ್ಪಣಿ ಪುಟಗಳ ಒಂದು ಜೆರಾಕ್ಸ್ ಕೂಡ ಅವರ ಕೈಗಿಡಿ. ಒಂದೇ ಬಟ್ಟಲು ಇಟ್ಟಿದ್ದ ಆ ಪ್ರಶಿಕ್ಷಣಾರ್ಥಿಗೂ ಕೊಟ್ಟಿದ್ದೆ. ಈಗ ಅವಳು ಶಿಕ್ಷಕಿ. ಹೋದ ವರ್ಷ ಅವಳ ತರಗತಿಗೆ ಹೋಗಿದ್ದಾಗ ಕಪಾಟಿನಲ್ಲಿ ಹುಣಸೆಬೀಜದ ಹನ್ನೆರಡು ಬಟ್ಟಲು ಒಂದರೊಳಗೊಂದು ಜೋಡಿಸಿಟ್ಟಿದ್ದವು.